ಸಲಹೆಗಾರರ ಕಾಲಿನ ಅಂಟುಪಟ್ಟಿಗೆ, ಹತ್ತು ನಿಮಿಷದ ವಿಚಾರವಾಗಿ

ವಿಯೆನ್ನಾ, ೨೦ ಅಕ್ಟೋಬರ್ ೧೯೬೭

ಇವರಿಗೆ,
ಶ್ರೀಯುತ ಅಂಟುಪಟ್ಟಿಯವರು,
ಹಿಂದಿನ ವಿಳಾಸ: ಆಸ್ಥಾನ ಸಲಹೆಗಾರ ಡಾ. ಎಗೋನ್ ಟ್ರಾಕ್ಸ್‌ಲರ್ ಅವರ ಗ್ರಾಮಫೋನಿನ ಒಳಭಾಗ,
ಸದ್ಯ: ನನ್ನ ಮೇಜಿನ ಮೇಲಿನ ಬೆಂಕಿಪೊಟ್ಟಣ.

ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕಾರವೆಂದು ಆರಂಭಿಸೋಣವೆಂದರೆ, ತಾವೇ ಇನ್ನೊಬ್ಬರ ಪಾದಕ್ಕೆ ಅಂಟಿಕೊಳ್ಳುವ ಸಲುವಾಗಿ ಔಷಧಿ ಅಂಗಡಿಯಿಂದ ಬಂದವರು. ಆದ್ದರಿಂದ ಆ ಮಾತನ್ನು ಬಿಟ್ಟು, ಕಳೆದ ಜನವರಿಯಿಂದ ಸೆಪ್ಟೆಂಬರಿನವರೆಗೆ ಈ ಮಹಾನಗರದ ಸಂಗೀತ ವಿಮರ್ಶೆಯ ಪೀಠವನ್ನು ಯಾರಿಗೂ ಗೊತ್ತಾಗದಂತೆ ಅಲಂಕರಿಸಿದ್ದ ತಮಗೆ ಈ ಪಿಯಾನೊ ಶ್ರುತಿಗಾರನ ಗೌರವಪೂರ್ವಕ ವಂದನೆಗಳನ್ನು ಒಪ್ಪಿಸುತ್ತೇನೆ. ತಮ್ಮ ಅಂಟು ಇನ್ನೂ ಗಟ್ಟಿಯಾಗಿದೆಯೆಂದೂ ಬೆಂಕಿಪೊಟ್ಟಣದ ವಾಸ ತಮಗೆ ಇಕ್ಕಟ್ಟಾಗಿಲ್ಲವೆಂದೂ ನಂಬಿದ್ದೇನೆ.

ನನ್ನ ಹೆಸರು ವೆನ್ಜೆಲ್ ಪ್ರೊಹಾಸ್ಕಾ. ಮೂವತ್ತೊಂದು ವರ್ಷದಿಂದ ಇಲ್ಲಿನ ಸಭಾಂಗಣಗಳ ಪಿಯಾನೊಗಳಿಗೆ ಶ್ರುತಿ ಕೂಡಿಸುತ್ತಿದ್ದೇನೆ. ಅಂಟುಪಟ್ಟಿಗೆ ಪತ್ರ ಬರೆಯುವಷ್ಟು ಈತನ ತಲೆ ಕೆಟ್ಟಿದೆಯೇ ಎಂದು ತಾವು ಕೇಳಬಹುದು. ವಿಷಯವೇನೆಂದರೆ, ನಡೆದದ್ದನ್ನು ಯಾವ ನರಪಿಳ್ಳೆಗೂ ಹೇಳುವುದಿಲ್ಲವೆಂದು ನಾನು ಒಬ್ಬ ಗೌರವಾನ್ವಿತ ಮಹಿಳೆಗೆ ಮಾತು ಕೊಟ್ಟಿದ್ದೇನೆ, ಮತ್ತು ನಾನು ಮಾತಿಗೆ ತಪ್ಪುವವನಲ್ಲ. ತಾವಾದರೋ ನರಪಿಳ್ಳೆಯಲ್ಲ. ತಮಗೆ ಬರೆದ ಪತ್ರವನ್ನು ಪತ್ರಿಕೆಯವರು ಅಚ್ಚು ಹಾಕಿ, ಅದನ್ನು ನಾಲ್ಕು ಜನ ಇಣುಕಿ ನೋಡಿದರೆ, ಅದು ಅವರವರ ಸಭ್ಯತೆಗೆ ಬಿಟ್ಟ ವಿಚಾರ.

ತಾವು ತೀರ್ಪು ಕೊಟ್ಟದ್ದು ಯಾವುದಕ್ಕೆ ಎಂಬುದು ತಮಗೆ ತಿಳಿದಿರಲಿಕ್ಕಿಲ್ಲವಾದ್ದರಿಂದ ಮೊದಲು ಅದನ್ನು ನಿವೇದಿಸುತ್ತೇನೆ. ಏಪ್ರಿಲ್ ತಿಂಗಳಲ್ಲಿ ಕುಮಾರಿ ರೊಸ್ವಿಟಾ ಕೀನಾಸ್ಟ್ ಎಂಬ ಇಪ್ಪತ್ತಮೂರರ ಹುಡುಗಿ, ಗಡಿಯ ಕಡೆಯ ರೈಲು ನಿಲ್ದಾಣವೊಂದರ ಸಿಗ್ನಲ್ ನೋಡಿಕೊಳ್ಳುವವನ ಮಗಳು, ತನ್ನ ಮೊದಲ ರೆಕಾರ್ಡಿಗಾಗಿ ನುಡಿಸಿದಳು. ಅದು ಇ ಮೈನರಿನ ಒಂದು ಕನ್ಚೆರ್ಟೊ. ಅಂದರೆ ಒಂದು ಪಿಯಾನೊ ಒಂದು ಕಡೆ, ಎಪ್ಪತ್ತು ಜನರ ವಾದ್ಯವೃಂದ ಇನ್ನೊಂದು ಕಡೆ ಕುಳಿತು, ನೂರು ವರ್ಷದ ಹಿಂದೆ ಮುರಿದುಹೋದ ಯಾರದೋ ಪ್ರೇಮದ ಬಗ್ಗೆ ಅರ್ಧ ಗಂಟೆಗೂ ಮೀರಿ ವಾದ ಮಾಡುವುದು. ಅದರ ನಡುವಿನ ನಿಧಾನ ಭಾಗ ಹತ್ತು ನಿಮಿಷದ್ದು. ಮೂರು ದಿನವೂ ಬೆಳಿಗ್ಗೆ ನಾನು ನಮ್ಮಪ್ಪನ ಕಾಲದ ಶ್ರುತಿಕವೆಯನ್ನು ಮೊಣಕಾಲಿಗೆ ತಟ್ಟಿ, ಕಿವಿಗೆ ಹಿಡಿದು, ಒಂದೊಂದು ತಂತಿಯನ್ನೂ ಕೂಡಿಸಿದೆ; ವಾದ್ಯವೃಂದದವರು ನನ್ನ ಪಿಯಾನೊದಿಂದಲೇ ಶ್ರುತಿ ತೆಗೆದುಕೊಂಡರು. ಮೂರನೆಯ ದಿನ ಅವಳು ಆ ಹತ್ತು ನಿಮಿಷವನ್ನು ನುಡಿಸುವಾಗ, ತಂತಿಯೆಂದರೆ ಬರೀ ತಂತಿ ಎಂದು ತಿಳಿದಿದ್ದ ನನಗೆ ಕಣ್ಣು ತುಂಬಿ ಬಂತು. ಮೂಗು ಒರೆಸಿದರೆ ಆ ಸದ್ದೂ ರೆಕಾರ್ಡಿನಲ್ಲಿ ಸೇರೀತೆಂದು ಕರವಸ್ತ್ರವನ್ನು ಕಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದೆ.

ಸೆಪ್ಟೆಂಬರ್ ಒಂದನೆಯ ತಾರೀಖು ಶುಕ್ರವಾರ ತಮ್ಮ ತೀರ್ಪು ಹೊರಬಿತ್ತು. ನಾನು ದಿನವೂ ಹೋಗುವ ಕಾಫಿ ಹೋಟೆಲಿನ ಮಾಣಿ ಅಲೋಯ್ಸ್, ನಮ್ಮ ಊರಿನ ಮಾಣಿಗಳ ವಾಡಿಕೆಯಂತೆ ಎಲ್ಲ ಗಿರಾಕಿಗಳಿಗೂ ಒಂದು ಮೆಟ್ಟಿಲು ಬಡ್ತಿ ಕೊಟ್ಟೇ ಮಾತಾಡಿಸುವವನು; ಹತ್ತೊಂಬತ್ತು ವರ್ಷ ನನ್ನನ್ನು 'ಎಂಜಿನಿಯರ್ ಸಾಹೇಬ್ರೇ' ಎಂದು ಕರೆದಿದ್ದಾನೆ. ಅವತ್ತು ಪತ್ರಿಕೆಯನ್ನು ಕಂಕುಳಲ್ಲಿ ಅಡಗಿಸಿಕೊಂಡು ಬಂದು, "ಪ್ರೊಹಾಸ್ಕಾ ಅವ್ರೇ, ಇವತ್ತಿಂದು ಓದ್ದೇ ಇದ್ರೇ ಒಳ್ಳೇದು. ಓದ್ಲೇಬೇಕು ಅಂದ್ರೆ ಮೊದ್ಲು ಕಾಫಿ ಕುಡಿದ್ಬಿಡಿ" ಎಂದ. ಎಂಜಿನಿಯರ್ ಪದವಿ ಹೋದದ್ದು ನನಗೆ ಆ ಕ್ಷಣವೇ ಗೊತ್ತಾಯಿತು. ಏಕೆ ಹೋಯಿತೆಂಬುದು ಓದಿದ ಮೇಲೆ ತಿಳಿಯಿತು.

'ಕುಮಾರಿ ಕೀನಾಸ್ಟ್ ದುಃಖ ಪಡುವುದಿಲ್ಲ, ದುಃಖಕ್ಕೆ ತಡವಾಯಿತೆಂದು ಓಡುತ್ತಾರೆ' ಎಂದು ಆ ಪತ್ರಿಕೆಯ ಸಂಗೀತ ವಿಮರ್ಶಕರಾದ ಟ್ರಾಕ್ಸ್‌ಲರ್ ಸಲಹೆಗಾರರು ಬರೆದಿದ್ದರು. 'ಹೊದಿಕೆಯ ಮೇಲೆ ನಿಧಾನ ಭಾಗಕ್ಕೆ ಹತ್ತು ನಿಮಿಷವೆಂದು ಅಚ್ಚಾಗಿದೆ. ನನ್ನ ಗಡಿಯಾರದಲ್ಲಿ ಒಂಬತ್ತು ನಿಮಿಷ ಇಪ್ಪತ್ತಾರು ಸೆಕೆಂಡು. ಅಚ್ಚು ಹಾಕಿದವರಿಗಾದರೂ ನಾಚಿಕೆ ಬೇಡವೇ?' ಎಂದು ಕೇಳಿದ್ದರು. ಕೊನೆಗೆ, 'ಪಿಯಾನೊದ ಶ್ರುತಿಯನ್ನು ಅರ್ಧ ಮನೆ ಏರಿಸಿ ಅಗ್ಗದ ಮಿನುಗು ಬಳಿದ ಆ ಶ್ರುತಿಗಾರನ ಕೈಗೆ ತಂತಿಗಿಂತ ಬಟ್ಟೆ ಒಣಹಾಕುವ ಹಗ್ಗವೇ ಯೋಗ್ಯ' ಎಂದು ನನ್ನನ್ನೂ ನೆನೆದಿದ್ದರು. ಸಲಹೆಗಾರರ ಕಿವಿಯನ್ನು ನಾನು ಎಂದೂ ಅನುಮಾನಿಸುವವನಲ್ಲ. ಟ್ರಾಮಿನ ಗಂಟೆ ಯಾವ ಸ್ವರದ್ದೆಂದು ನಿದ್ದೆಯಲ್ಲೂ ಹೇಳಬಲ್ಲ ಕಿವಿ ಅದು. ಅವರ ಗಡಿಯಾರವೂ ಸರಿಯಾದದ್ದೇ. ಎರಡೂ ಸರಿಯಾಗಿದ್ದು, ನಡುವೆ ತಾವಿದ್ದಿರಿ.

ತೀರ್ಪಿನ ಫಲ ಬೇಗನೆ ಬಂತು. ಅಕ್ಟೋಬರ್ ಹದಿನೈದಕ್ಕೆ ಸಂಗೀತ ಸಂಘದ ಈ ವರ್ಷದ ಮೊದಲ ಕಛೇರಿಯಲ್ಲಿ ಇದೇ ಕನ್ಚೆರ್ಟೊ ನುಡಿಸಬೇಕಾಗಿದ್ದ ಹುಡುಗಿಗೆ, 'ತಮ್ಮ ಕಾರ್ಯಕ್ರಮವನ್ನು ಮರುಪರಿಶೀಲಿಸುತ್ತಿದ್ದೇವೆ' ಎಂದು ಕಾರ್ಯದರ್ಶಿಯಿಂದ ಕಾಗದ ಹೋಯಿತು. ಅದನ್ನು ಹಿಡಿದುಕೊಂಡು ಅವಳು ನನ್ನ ಅಂಗಡಿಗೆ ಬಂದಳು. ಕಾರ್ಯಕ್ರಮ ಹೋಗುತ್ತದೆಂದು ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. "ನಾನು ಓಡ್ತಾ ಇದೀನಿ ಅಂತ ನಂಗೇ ಗೊತ್ತಾಗ್ಲಿಲ್ವಲ್ಲ, ಪ್ರೊಹಾಸ್ಕಾ ಅವ್ರೇ" ಎಂದಳು. ನೀನು ಓಡಿಲ್ಲಮ್ಮ, ನಾನು ಅಲ್ಲೇ ಕೂತಿದ್ದೆ ಎಂದರೆ, "ನೀವು ನನ್ ಮೇಲಿನ ಪ್ರೀತಿಗೆ ಹೇಳ್ತೀರಿ. ಅಷ್ಟು ದೊಡ್ಡೋರು ಗಡಿಯಾರ ಹಿಡ್ಕೊಂಡು ಕೂತು ಹೇಳಿರೋದು ಸುಳ್ಳಾಗುತ್ತಾ?" ಎಂದಳು. ಅವತ್ತಿನಿಂದ ಟಿಕ್ ಟಿಕ್ ಎನ್ನುವ ತಾಳದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ಅದರ ಬಟ್ಟನ್ನು ದಿನಕ್ಕೊಂದಿಷ್ಟು ಮೇಲಕ್ಕೆ ಸರಿಸಿ, ತನ್ನ ಕೈಗಳಿಗೆ ನಿಧಾನವನ್ನು ಕಲಿಸತೊಡಗಿದಳು.

ತಮ್ಮ ದರ್ಶನಭಾಗ್ಯ ನನಗೆ ಒದಗಿದ್ದು ಸೆಪ್ಟೆಂಬರ್ ಇಪ್ಪತ್ತೈದರಂದು. ಶ್ರುತಿಗಾರನಿಗೂ ಒಂದು ಹೆಸರಿರುತ್ತದೆಂದು ಸಲಹೆಗಾರರು ವಿಚಾರಿಸಿದವರಲ್ಲವಾದ್ದರಿಂದ, ಹನ್ನೆರಡು ವರ್ಷದಿಂದ ಅವರ ಮನೆಯ ಪಿಯಾನೊ ನೋಡಿಕೊಳ್ಳುವವನೂ ಆ ಬಟ್ಟೆಹಗ್ಗದವನೂ ಒಬ್ಬನೇ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವರ ಪತ್ನಿ, ಗಂಡನ ಬಿರುದು ಹೆಂಡತಿಗೂ ಸಲ್ಲುವ ನಮ್ಮ ಪದ್ಧತಿಯಂತೆ ಶ್ರೀಮತಿ ಸಲಹೆಗಾರರು, ನನಗೆ ಹೇಳಿಕಳುಹಿಸಿದ್ದರು. "ನಮ್ ಪಿಯಾನೊ ಇಳಿದೋಗಿದೆಯಂತೆ, ಯಾವ ರೆಕಾರ್ಡಿಗೂ ಕೂಡ್ತಾ ಇಲ್ವಂತೆ. ಪ್ರಪಂಚದಲ್ಲಿ ಎಲ್ರೂ ಶ್ರುತಿ ಏರಿಸ್ತಾ ಇದಾರೆ, ಇದೊಂದು ರೋಗ ಅಂತ ಇವ್ರು ದೊಡ್ಡ ಲೇಖನಾನೂ ಬರೀತಾ ಇದಾರೆ" ಎಂದರು. ಶ್ರುತಿಕವೆ ತಟ್ಟಿ ನೋಡಿದೆ, ಪಿಯಾನೊ ಸರಿಯಾಗಿತ್ತು. ಒಂದು ರೆಕಾರ್ಡ್ ಹಾಕಿ ಎಂದೆ. ಅರ್ಧ ಮನೆ ಮೇಲೆ ಹಾಡಿತು. ಇನ್ನೊಂದು ಹಾಕಿಸಿದೆ, ಅದೂ ಅಷ್ಟೇ. ಗ್ರಾಮಫೋನಿನ ತಿರುಗುವ ತಟ್ಟೆಯನ್ನು ಎತ್ತಿ ನೋಡಿದರೆ, ಮೋಟಾರಿನ ಸಣ್ಣ ದಂಡದ ಸುತ್ತ ಚರ್ಮದ ಬಣ್ಣದ ತಾವು ಬಿಗಿಯಾಗಿ, ನಿಶ್ಚಿಂತರಾಗಿ ಅಂಟಿಕೊಂಡಿದ್ದಿರಿ.

"ಅಯ್ಯೋ, ಅದು ನಾನೇ ಸುತ್ತಿದ್ದು!" ಎಂದರು ಶ್ರೀಮತಿ ಸಲಹೆಗಾರರು. "ಜನವರೀಲಿ ತಟ್ಟೆ ತಿರುಗ್ಸೋ ಚಕ್ರ ಜಾರ್ತಾ ಇತ್ತು, ಹಾಡೋರೆಲ್ಲಾ ಹೊಟ್ಟೆನೋವು ಬಂದೋರ ಥರ ನರಳ್ತಾ ಇದ್ರು. ಇವ್ರ ಕಾಲಾಣಿಗೆ ತಂದಿದ್ದ ಪಟ್ಟೀಲಿ ಒಂದು ತುಂಡು ಕತ್ತರಿಸಿ ಸುತ್ತಿದೆ. ಚೆನ್ನಾಗೇ ಓಡ್ತಲ್ಲಾ?" ಚೆನ್ನಾಗಿಯೇ ಓಡಿದೆ, ದಂಡ ದಪ್ಪವಾದರೆ ತಟ್ಟೆ ಜೋರಾಗಿ ತಿರುಗುತ್ತದೆ, ಆಗ ಸಂಗೀತವೂ ಓಡುತ್ತದೆ, ಶ್ರುತಿಯೂ ಏರುತ್ತದೆ ಎಂದೆ. ಆಕೆ ಪಿಯಾನೊ ಸ್ಟೂಲಿನ ಮೇಲೆ ಕುಸಿದು ಕೂತರು. "ಹಾಗಾದ್ರೆ ಎಂಟು ತಿಂಗಳಿಂದ ಇವ್ರು ಬರ್ದಿರೋದೆಲ್ಲಾ..." ಎಂದು ನಿಲ್ಲಿಸಿ, ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡು, "ಯಾವ ನರಪಿಳ್ಳೆಗೂ ಹೇಳ್ಬೇಡಿ. ಗೊತ್ತಾದ್ರೆ ಇವ್ರು ಊಟ ಬಿಡ್ತಾರೆ, ಅದನ್ನ ನೋಡ್ಕೊಂಡು ಕೂರೋಳು ನಾನು" ಎಂದರು. ನಾನು ಒಂದೇ ಒಂದು ಷರತ್ತು ಹಾಕಿದೆ: ಸಲಹೆಗಾರರು ಆ ಹುಡುಗಿಯ ರೆಕಾರ್ಡನ್ನು ಇನ್ನೊಮ್ಮೆ ಕೇಳಬೇಕು. ಒಪ್ಪಿದರು. ತಮ್ಮನ್ನು ನಯವಾಗಿ ಬಿಡಿಸಿ ಪೊಟ್ಟಣಕ್ಕೆ ಹಾಕಿಕೊಂಡು, ಚಕ್ರದ ಜಿಡ್ಡು ತೆಗೆದು, ದೊಡ್ಡ ತುಂಡು ಕೇಕು ತಿಂದು ಮನೆಗೆ ಬಂದೆ.

ಮಾನ್ಯರೇ, ತಮ್ಮ ಪ್ರತಿಭೆಗೆ ನಾನು ಮನಸೋತಿದ್ದೇನೆ. ಸಂಗೀತ ಕಲಿಯದೆ, ಒಂದು ಸ್ವರವನ್ನೂ ಕೇಳದೆ, ಬರೀ ಬಿಗಿಯಾಗಿ ಅಂಟಿಕೊಂಡಿರುವುದರಿಂದಲೇ ಇಷ್ಟು ದೊಡ್ಡ ಅಧಿಕಾರ ನಡೆಸಿದವರು ನಮ್ಮ ನಗರದಲ್ಲಿ ತಾವೇ ಮೊದಲಿಗರಲ್ಲದಿದ್ದರೂ, ತಮ್ಮಷ್ಟು ಸಣ್ಣ ಗಾತ್ರದವರು ಯಾರೂ ಇರಲಿಲ್ಲ. ಎಪ್ಪತ್ತಾರು ವರ್ಷದ ಪ್ರೊಫೆಸರ್ ಓಟ್ಮಾರ್ ವಿಂಡಿಶ್ ಇದೇ ಕನ್ಚೆರ್ಟೊವನ್ನು ಗಂಟು ಬಿದ್ದ ಬೆರಳುಗಳಲ್ಲಿ ನಡುನಡುವೆ ಉಸಿರು ತೆಗೆದುಕೊಂಡು ನುಡಿಸಿದ ರೆಕಾರ್ಡಿಗೆ, 'ಇಪ್ಪತ್ತಾರರ ಯೌವನ' ಎಂದು ಮೇ ತಿಂಗಳಲ್ಲಿ ವರ್ಷದ ಪ್ರಶಸ್ತಿ ಕೊಡಿಸಿದವರೂ ತಾವೇ. ಅಲ್ಲಿ ಅದೇ ಅರ್ಧ ಮನೆಯ ಏರಿಕೆಗೆ 'ಬೆಳಗಿನ ಕಾಂತಿ' ಎಂಬ ಹೆಸರು ಬಿತ್ತು; ಸಿಗ್ನಲಿನವನ ಮಗಳ ಹತ್ತಿರ ಬಂದಾಗ ಮಾತ್ರ ಅದು ಅಗ್ಗದ ಮಿನುಗಾಯಿತು. ಆ ವ್ಯತ್ಯಾಸ ತಮ್ಮದಲ್ಲ, ತಾವು ಇಬ್ಬರಿಗೂ ಒಂದೇ ದಪ್ಪವಿದ್ದಿರಿ. ಇಂಥ ನಿಷ್ಪಕ್ಷಪಾತಿಗಳನ್ನು ಸಂಗೀತ ಶಾಲೆಯ ಪರೀಕ್ಷಾ ಮಂಡಳಿಗೆ ನೇಮಿಸಬೇಕೆಂದೂ, ತಮಗೂ ಆಸ್ಥಾನ ಸಲಹೆಗಾರ ಬಿರುದು ಕೊಡಬೇಕೆಂದೂ (ಆಸ್ಥಾನವೇ ಹೋಗಿ ಐವತ್ತು ವರ್ಷವಾಗುತ್ತ ಬಂದಿರುವುದು ಇತರರಿಗೆ ಅಡ್ಡಿಯಾಗಿಲ್ಲ), ಬಿಡುವಾದಾಗ ಪಿಂಚಣಿ ಕಚೇರಿಯ ಗುಮಾಸ್ತರ ಮೊಣಕೈಗೆ ಒಂದು ಸುತ್ತು ಸುತ್ತಿಕೊಂಡು ನಮ್ಮ ಕಡತಗಳನ್ನೂ ಓಡಿಸಿಕೊಡಬೇಕೆಂದೂ ಪ್ರಾರ್ಥಿಸುತ್ತೇನೆ.

ಅಕ್ಟೋಬರ್ ಆರರಂದು ಎರಡನೆಯ ವಿಮರ್ಶೆ ಬಂತು. ತಪ್ಪು ತಿದ್ದಿಕೊಂಡಿರುತ್ತಾರೆಂದು ಆಸೆಯಿಂದ ಓದಿದ ನನ್ನ ದಡ್ಡತನಕ್ಕೆ ಏನು ಹೇಳಲಿ! 'ಕುಮಾರಿ ಕೀನಾಸ್ಟ್ ನನ್ನ ಮಾತನ್ನು ಮನಸ್ಸಿಗೆ ತೆಗೆದುಕೊಂಡಿದ್ದಾರೆ' ಎಂದು ಬರೆದಿದ್ದರು. 'ಸದ್ದಿಲ್ಲದೆ ಮತ್ತೆ ನುಡಿಸಿ ಹೊರತಂದಂತಿರುವ ಈ ಹೊಸ ಪ್ರತಿಯಲ್ಲಿ ಓಟವಿಲ್ಲ. ನಿಧಾನ ಭಾಗ ನನ್ನ ಗಡಿಯಾರದಲ್ಲಿ ಸರಿಯಾಗಿ ಹತ್ತು ನಿಮಿಷ. ಶ್ರುತಿಗಾರನನ್ನೂ ಬದಲಾಯಿಸಿರುವುದು ಸ್ಪಷ್ಟ. ವಿಮರ್ಶೆಯಿಂದ ಕಲೆಗೆ ಏನು ಉಪಕಾರವೆಂದು ಕೇಳುವವರಿಗೆ ಇದೇ ಉತ್ತರ.' ಅದೇ ರೆಕಾರ್ಡ್, ಸ್ವಾಮೀ! ಅದೇ ಹೊದಿಕೆ, ಹೊದಿಕೆಯ ಮೂಲೆಯಲ್ಲಿ ಅವರದೇ ಕಾಫಿ ಬಟ್ಟಲಿನ ಕಲೆ. ಕಾರ್ಯದರ್ಶಿಯ ಮರುಪರಿಶೀಲನೆ ಅವತ್ತೇ ಮುಗಿಯಿತು, ಹುಡುಗಿಗೆ ಕಾರ್ಯಕ್ರಮ ಮರಳಿ ಸಿಕ್ಕಿತು, ಸಲಹೆಗಾರರಿಗೆ ಕೃತಜ್ಞತೆಯ ಕಾಗದ ಬರೆಯಬೇಕೆಂಬ ಸೂಚನೆಯೂ ಜೊತೆಗೆ ಬಂತು. ಅವಳು ಬರೆದಳು. ಹೊಸ ಪ್ರತಿಯ ಸಂಗತಿ ತನಗೆ ತಿಳಿಯದೆಂದೂ, ಆದರೆ ದಿನವೂ ತಿದ್ದಿಕೊಳ್ಳುತ್ತಿದ್ದೇನೆಂದೂ ಬರೆದಳು. ಅಲೋಯ್ಸ್ ನನ್ನನ್ನು ಪ್ರೊಫೆಸರ್ ಮಾಡಿದ.

ಹದಿನೈದರಂದು ನಾನು ನಿಂತು ಕೇಳುವವರ ಜಾಗದಲ್ಲಿ ನಿಂತಿದ್ದೆ. ತಾವು ಪೊಟ್ಟಣದಲ್ಲಿದ್ದಿರಿ, ಆದರೂ ಅವತ್ತು ಆ ಪಿಯಾನೊದ ಮುಂದೆ ಕೂತದ್ದು ತಮ್ಮ ತೀರ್ಪೇ. ನಿಧಾನ ಭಾಗ ಹನ್ನೊಂದು ನಿಮಿಷ ನಲವತ್ತು ಸೆಕೆಂಡು ನಡೆಯಿತು. ಪ್ರತಿ ಸ್ವರವನ್ನೂ ಅನುಮತಿ ಕೇಳಿ ಒತ್ತುತ್ತಿದ್ದಳು. ಒಂದೂ ತಪ್ಪಲಿಲ್ಲ, ಒಂದೂ ಬದುಕಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಮೂರನೆಯ ಸಾಲಿನಲ್ಲಿ ಸಲಹೆಗಾರರು ತಲೆದೂಗಿದರು. ಆಮೇಲೆ ವೇದಿಕೆಯ ಹಿಂದೆ ಸಿಕ್ಕಿ, "ಈಗ ಸರಿಯಾಯ್ತಲ್ವಾ, ಪ್ರೊಹಾಸ್ಕಾ ಅವ್ರೇ? ಓಡ್ಲಿಲ್ಲ ತಾನೇ?" ಎಂದು ಕೇಳಿದಳು. ಮಾತು ಕೊಟ್ಟಿದ್ದ ನಾನು ಅವಳ ಕೈಯನ್ನಷ್ಟೇ ಒತ್ತಿದೆ. ಏಪ್ರಿಲ್ ತಿಂಗಳಲ್ಲಿ ಬೆಚ್ಚಗಿದ್ದ ಕೈ ಅದು, ಅವತ್ತು ತಣ್ಣಗಿತ್ತು.

ನವೆಂಬರ್ ಐದರಂದು, ಸಂಗೀತ ಸಂಘದ ಎರಡನೆಯ ಸರದಿಯ ಚಂದಾದಾರರಿಗಾಗಿ, ಅವಳು ಅದೇ ಕನ್ಚೆರ್ಟೊವನ್ನು ಮತ್ತೆ ನುಡಿಸುತ್ತಾಳೆ. ತಮ್ಮಲ್ಲಿ ನನ್ನ ಕಟ್ಟಕಡೆಯ ಕೋರಿಕೆ ಇಷ್ಟೇ: ಎಂಟು ತಿಂಗಳು ಕೊಟ್ಟ ತೀರ್ಪುಗಳಲ್ಲಿ ಬಾಕಿಯವನ್ನೆಲ್ಲ ತಾವೇ ಇಟ್ಟುಕೊಳ್ಳಿ, ನನ್ನ ಬಟ್ಟೆಹಗ್ಗವನ್ನೂ ಇಟ್ಟುಕೊಳ್ಳಿ, ಆ ಒಂದನ್ನು ಹಿಂತೆಗೆದುಕೊಳ್ಳಿ. ಏಪ್ರಿಲ್ ತಿಂಗಳಲ್ಲಿ ಕುಮಾರಿ ರೊಸ್ವಿಟಾ ಕೀನಾಸ್ಟ್ ಓಡಿರಲಿಲ್ಲವೆಂದೂ, ಓಡಿದ್ದು ಒಂದು ಗ್ರಾಮಫೋನೆಂದೂ, ಆ ಹತ್ತು ನಿಮಿಷ ಹತ್ತೇ ನಿಮಿಷವಾಗಿತ್ತೆಂದೂ ದೃಢೀಕರಿಸಿ. ತಮ್ಮಿಂದ ಸಹಿ ಹಾಕಲಾಗದು ಎಂದು ಬಲ್ಲೆ. ಅದಕ್ಕಾಗಿ ತಮ್ಮ ಪರವಾಗಿ ನಾನೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಅವಳ ಅಪ್ಪ ನಿಲ್ದಾಣಕ್ಕೆ ಈ ಪತ್ರಿಕೆಯನ್ನೇ ತರಿಸುತ್ತಾರೆ.

ತಮ್ಮ ಅಂಟಿನಲ್ಲಿ ಇಂದಿಗೂ ವಿಶ್ವಾಸವಿಟ್ಟಿರುವ,
ತಮ್ಮ ವಿಶ್ವಾಸಿ,
ವೆನ್ಜೆಲ್ ಪ್ರೊಹಾಸ್ಕಾ
ಪಿಯಾನೊ ಶ್ರುತಿಗಾರ

ಮರೆತ ಮಾತು: ತಾವು ಪೀಠ ಬಿಟ್ಟಂದಿನಿಂದ ಪ್ರೊಫೆಸರ್ ವಿಂಡಿಶ್ ಅವರ ಪ್ರಶಸ್ತಿವಿಜೇತ ರೆಕಾರ್ಡ್ ಸಲಹೆಗಾರರ ಮನೆಯಲ್ಲಿ ಇದ್ದಕ್ಕಿದ್ದಂತೆ ಮುಪ್ಪಾಗಿದೆಯಂತೆ. ರೆಕಾರ್ಡುಗಳಿಗೂ ವಯಸ್ಸಾಗುತ್ತದೆ, ವಯಸ್ಸಾದಂತೆ ಅವು ಕುಂಟುತ್ತವೆ ಎಂಬ ಸಂಶೋಧನಾ ಲೇಖನವನ್ನು ಅವರು ಬರೆಯುತ್ತಿದ್ದಾರೆಂದು ಮನೆಯವರಿಂದ ತಿಳಿಯಿತು. ಐದನೆಯ ತಾರೀಖು ನಾನು ನಿಲ್ಲುವ ಜಾಗ ಬಿಟ್ಟು ಅವರ ಪಕ್ಕದ ಕುರ್ಚಿಗೇ ಚೀಟಿ ತೆಗೆದಿದ್ದೇನೆ, ತಮ್ಮನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಬರುತ್ತೇನೆ. ತೀರ್ಪು ಕೊಟ್ಟವರಿಬ್ಬರೂ ಒಮ್ಮೆಯಾದರೂ ಅವಳನ್ನು ಕೇಳಲಿ.