ಸೊಪ್ಪಿನ ಹೊರೆ ಮತ್ತು ನನ್ನ ಹೊಟ್ಟೆ

ಹೊಟ್ಟೆ ಮುಂದಕ್ಕೆ ಬಂದಿರುವ ಸಂಗತಿ ಹೊಟ್ಟೆಯ ಒಡೆಯನಿಗೆ ಎಲ್ಲರಿಗಿಂತ ಕೊನೆಯಲ್ಲಿ ತಿಳಿಯುತ್ತದೆ. ಮೊದಲು ಅಂಗಿಯ ಗುಂಡಿಗೆ ತಿಳಿಯುತ್ತದೆ, ಆಮೇಲೆ ದರ್ಜಿಗೆ, ಆಮೇಲೆ ಹೆಂಡತಿಗೆ. ನನಗಂತೂ ತಿಳಿದ ಮೇಲೂ ಬೇಸರವಾಗಲಿಲ್ಲ, ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಂಡುಬಿಡುತ್ತೇನೆ. ನಾನು ಚಿಕ್ಕವನಿದ್ದಾಗ ನಮ್ಮ ಹೊಂಗನೂರಿನಲ್ಲಿ ಹೊಟ್ಟೆ ಎಂದು ಹೇಳಿಕೊಳ್ಳುವಂಥದ್ದು ಇದ್ದದ್ದು ಹಿಟ್ಟಿನ ಗಿರಣಿಯ ಯಜಮಾನರೊಬ್ಬರಿಗೇ. ಅವರು ಬೀದಿಗೆ ಬಂದರೆ ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಮಿಕ್ಕವರೆಲ್ಲ ಹಿಪ್ಪುನೇರಳೆ ಕಡ್ಡಿಯ ಹಾಗೆ ಇದ್ದೆವು. ಬಿಡದಿಯಲ್ಲಿ ಕಾರ್ಖಾನೆಗಳು ಸಾಲಾಗಿ ಎದ್ದ ಮೇಲೆ ಊರಿಗೆ ಕಂಪನಿ ಬಸ್ಸು ಬಂತು, ಬಸ್ಸಿನ ಹಿಂದೆಯೇ ಹೊಟ್ಟೆಯೂ ಬಂತು. ಈಗ ಮನೆಗೊಂದು ಹೊಟ್ಟೆ ಇದೆ. ನೀರು, ಕರೆಂಟು ಯಾವುದೂ ಎಲ್ಲ ಬೀದಿಗೂ ಸಮನಾಗಿ ಹಂಚಿಕೆಯಾಗದ ನಮ್ಮೂರಿನಲ್ಲಿ ಇದೊಂದು ಯಾರ ಶಿಫಾರಸೂ ಇಲ್ಲದೆ ಎಲ್ಲರಿಗೂ ತಲುಪಿದೆ.

ನಾನಿರುವುದು ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಸ್ಟೋರಿನಲ್ಲಿ. ಕೂತು ಬರೆಯುವ ಕೆಲಸ. ಸೇರುವ ಮೊದಲು ದಿನಕ್ಕೆ ನಾಲ್ಕು ಸಲ ತೋಟಕ್ಕೆ ನಡೆದು ರೇಷ್ಮೆ ಹುಳುವಿಗೆ ಸೊಪ್ಪು ಹೊತ್ತು ತರುತ್ತಿದ್ದೆ. ಈಗ ಬಸ್ಸು ಊರಬಾಗಿಲಿಗೇ ಬರುತ್ತದೆ. ಬಿಡದಿಯಲ್ಲಿ ಇಳಿದ ಕೂಡಲೇ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ಎರಡು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬೇಕಾದಷ್ಟು ಅನ್ನ. ಬೇಕಾದಷ್ಟು ಎಂದರೆ ಎಷ್ಟು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಸಂಜೆ ಬೇಕರಿಯ ಪಫ್ಸು. ರಾತ್ರಿ ಮುದ್ದೆ ಉಂಡರೆ ಕಂಪನಿ ನೌಕರನ ಘನತೆಗೆ ಕುಂದು ಎಂಬಂತೆ ಮತ್ತೆ ಅನ್ನ. ನಮ್ಮತ್ತೆ ಬಂದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮಗಳಿಗೆ, "ಅಳೀಮಯ್ಯ ಮೈಕೈ ತುಂಬ್ಕೊಂಡವ್ರೆ ಕಣವ್ವ, ಕಂಪ್ನಿ ಕೆಲ್ಸ ಅಂದ್ರೆ ಕೆಲ್ಸ" ಎಂದರು. ಆ ಪ್ರಶಸ್ತಿಯನ್ನು ನಾನು ತುಂಬ ದಿನ ಹೊಟ್ಟೆಯ ಮೇಲೆ ಹೊತ್ತು ತಿರುಗಿದೆ.

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡುತ್ತಾರೆ. ಈ ಸಲ ತೂಕದ ಯಂತ್ರದ ಮುಳ್ಳು ತೊಂಬತ್ತು ದಾಟಿ ನಿಂತಿತು. ಯಂತ್ರ ಹಳೆಯದಿರಬೇಕು ಎಂದೆ. ಡಾಕ್ಟರು ನಗಲಿಲ್ಲ. "ಬಿಪಿ ಬಂದಾಗಿದೆ. ಸಕ್ಕರೆ ಬಾಗಿಲಲ್ಲಿ ನಿಂತಿದೆ. ಮಂಡಿ ನೋವು, ಗೊರಕೆ ಎಲ್ಲ ಈ ಹೊಟ್ಟೆಯ ಕೊಡುಗೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇತ್ತಾ?" ಎಂದರು.

ಅಪ್ಪನಿಗಿತ್ತು. ಕಾಲಿನ ಗಾಯ ಮಾಯದೆ ಅಪ್ಪ ಎರಡು ಬೆರಳು ತೆಗೆಸಿಕೊಂಡಿದ್ದ. ಚಪ್ಪಲಿ ಕಾಲಲ್ಲಿ ನಿಲ್ಲದೆ, ಸೊಪ್ಪಿನ ಹೊರೆ ಕಟ್ಟುವ ಹಗ್ಗದ ತುಂಡಿನಿಂದ ಅದನ್ನು ಪಾದಕ್ಕೆ ಬಿಗಿದುಕೊಂಡು ತೋಟಕ್ಕೆ ಬರುತ್ತಿದ್ದ. ಗೇಯ್ದು ಗೇಯ್ದು ಸವೆದಿದ್ದ ಅಪ್ಪನನ್ನೇ ಬಿಡದ ಕಾಯಿಲೆ ನನ್ನನ್ನು ಬಿಡುತ್ತದೆಯೇ? ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತು ಬೂಟಿನೊಳಗೆ ನನ್ನ ಹತ್ತು ಬೆರಳನ್ನೂ ಆಡಿಸಿ ನೋಡಿಕೊಂಡೆ. ನಿಜವಾಗಿ ಭಯವಾಗಿತ್ತು. ಡಾಕ್ಟರು, "ಮೂರು ತಿಂಗಳು ದಿನಾ ಒಂದು ಗಂಟೆ ನಡೆಯಿರಿ. ತೂಕ ಇಳಿಯದಿದ್ದರೆ ಮಾತ್ರೆ ಶುರು ಮಾಡಬೇಕು" ಎಂದರು.

ಬಿಳಿ ಬೂಟು ಕೊಂಡು ಮಾರನೆಯ ಬೆಳಗ್ಗೆಯೇ ಚನ್ನಪಟ್ಟಣದ ರಸ್ತೆ ಹಿಡಿದೆ. ನಮ್ಮ ಕಡೆ ರಸ್ತೆಯಲ್ಲಿ ಸುಮ್ಮನೆ ನಡೆಯುವವನು ಎಂದರೆ ಬಸ್ಸು ತಪ್ಪಿಸಿಕೊಂಡವನು ಎಂದೇ ಅರ್ಥ. ನೂರು ಹೆಜ್ಜೆ ಹಾಕುವಷ್ಟರಲ್ಲಿ ಪಕ್ಕದ ಮನೆಯ ಸಿದ್ದರಾಜು ಬೈಕು ನಿಲ್ಲಿಸಿದ.

"ಯಾಕ್ಲಾ ಕೆಂಪಣ್ಣ, ಬಸ್ ತಪ್ಪೋಯ್ತಾ? ಹತ್ಕೋ."

"ಇಲ್ಲ ಕಣ್ಲಾ, ನಡೀಬೇಕು ಅಂತ ಡಾಕ್ಟ್ರು ಹೇಳವ್ರೆ."

"ಅವ್ರು ಹೇಳ್ಕಳ್ಳಿ. ನಾನ್ ಬೈಕಲ್ಲಿ ಓಗಿ ನೀನ್ ನಡ್ಕಂಡ್ ಬಂದ್ರೆ ನೋಡ್ದೋರ್ ಏನಂದಾರು? ಬೇಲಿ ಜಗಳ ಇನ್ನೂ ಐತೆ, ಮಾತು ಬುಟ್ಟವ್ರೆ ಅನ್ನಕಿಲ್ವಾ?"

ಹಿಂದೆ ಬೇಲಿಯ ವಿಷಯಕ್ಕೆ ನಮಗೂ ಅವನಿಗೂ ಎರಡು ವರ್ಷ ಮಾತಿರಲಿಲ್ಲ. ಊರವರು ಸೇರಿ ಕಷ್ಟಪಟ್ಟು ರಾಜಿ ಮಾಡಿಸಿದ್ದರು. ಆರೋಗ್ಯಕ್ಕಾಗಿ ರಾಜಿ ಮುರಿಯುವುದು ನ್ಯಾಯವಲ್ಲವೆಂದು ಹತ್ತಿದೆ. ಚನ್ನಪಟ್ಟಣದಲ್ಲಿ ಇಳಿಸಿ ಟೀ ಕುಡಿಸಿದ, ಜೊತೆಗೆ ಬೋಂಡ. ಮಾರನೆಯ ದಿನವೂ ಹಾಗೇ ಆಯಿತು. ಅವನಿಲ್ಲದ ದಿನ ಇನ್ನೊಬ್ಬರು ನಿಲ್ಲಿಸುತ್ತಿದ್ದರು. ಹೀಗೆ ಮೂರು ತಿಂಗಳು ನನ್ನ ವಾಕಿಂಗು ಬೈಕಿನ ಹಿಂದಿನ ಸೀಟಿನಲ್ಲಿ ತಪ್ಪದೆ ನಡೆಯಿತು.

ನನ್ನ ಹೆಂಡತಿ ಜಯಮ್ಮನಿಗೆ ಬಿಳಿ ಬೂಟು ಕಂಡರೆ ಸಿಟ್ಟು. ಮನೆಯಲ್ಲಿ ಹುಳು ಕೊನೆಯ ಹಂತದಲ್ಲಿದ್ದು, ಸೊಪ್ಪು ಎಷ್ಟು ತಂದರೂ ಸಾಲದಾಗಿತ್ತು. "ಒಸಿ ತೋಟುಕ್ ಓಗಿ ಒಂದ್ ಹೊರೆ ತಂದ್ರೆ ವಾಕಿಂಗ್ ಆಗಕಿಲ್ವಾ?" ಎಂದಳು. ಡಾಕ್ಟರು ಹೇಳಿದ್ದು ವಾಕಿಂಗ್, ಹೊರೆ ಹೊರುವುದಲ್ಲ ಎಂದು ತಿಳಿಯಹೇಳಿದೆ. ಹೊರೆ ಹೊತ್ತರೆ ಅದು ಗೇಯ್ಮೆ, ಬೂಟು ಹಾಕಿ ಬರಿಗೈಯಲ್ಲಿ ಹೋದರೆ ಅದು ಆರೋಗ್ಯ. ಹಳ್ಳಿಯ ಹೆಂಗಸಿಗೆ ಇದು ಅರ್ಥವಾಗುವುದು ಹೇಗೆ ಎಂದು ಮರುಗಿದೆ. ಅವಳು ಹುಳುವಿನ ತಟ್ಟೆಗೆ ಸೊಪ್ಪು ಹರಡತೊಡಗಿದಳು. ಹುಳು ನನಗಿಂತ ಹೊಟ್ಟೆಬಾಕ, ನಿಜ. ಆದರೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ತಲೆಯೆತ್ತಿ ನಿಲ್ಲುತ್ತದೆ, ಆಮೇಲೆ ಒಂದು ಎಲೆಯನ್ನೂ ಮುಟ್ಟುವುದಿಲ್ಲ. ಕ್ಯಾಂಟೀನಿನಲ್ಲಿ ನಾನು ತಲೆಯೆತ್ತಿದ್ದು ಬಡಿಸುವವನು ಎಲ್ಲಿ ಹೋದ ಎಂದು ನೋಡಲು ಮಾತ್ರ.

ಮೂರು ತಿಂಗಳ ಮೇಲೆ ಡಾಕ್ಟರ ಬಳಿ ಹೋದಾಗ ಮನೆಯವರನ್ನೂ ತೋರಿಸಬಹುದೆಂದು ಜಯಮ್ಮನನ್ನು ಕರೆದೊಯ್ದಿದ್ದೆ. ನಾನು ಎರಡು ಕೆಜಿ ಹೆಚ್ಚಾಗಿದ್ದೆ. ಅವಳಿಗೆ ಬಿಪಿಯಿಲ್ಲ, ಸಕ್ಕರೆಯಿಲ್ಲ. ಡಾಕ್ಟರು, "ನೀವು ಏನಮ್ಮ ವ್ಯಾಯಾಮ ಮಾಡ್ತೀರಿ?" ಎಂದರು. "ನಂಗೆಲ್ಲಿ ಸ್ವಾಮಿ ಪುರ್ಸೊತ್ತು? ದಿನುಕ್ ನಾಕ್ ಹೊರೆ ಸೊಪ್ಪು ಹೊರ್ಬೇಕು. ಇವ್ರು ಬೈಕಲ್ಲಿ ವಾಕಿಂಗ್ ಓಯ್ತಾರೆ" ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಮಾತ್ರೆಯನ್ನು ಇನ್ನು ಎರಡು ತಿಂಗಳು ಮುಂದೂಡುತ್ತೇನೆ, ಆ ನಾಲ್ಕು ಹೊರೆಯಲ್ಲಿ ಎರಡು ಇನ್ನು ನಿಮ್ಮ ಪಾಲು ಎಂದು ನನಗೆ ಹೇಳಿದರು. ಅಪ್ಪನ ಚಪ್ಪಲಿಯ ಹಗ್ಗ ನೆನಪಾಗಿ ತಲೆಯಾಡಿಸಿದೆ.

ಅಂದಿನಿಂದ ಹೊರುತ್ತಿದ್ದೇನೆ. ಹೊರೆ ಹೊತ್ತವನಿಗೆ ಯಾರೂ ಬೈಕು ನಿಲ್ಲಿಸಿ ಹತ್ತು ಎನ್ನುವುದಿಲ್ಲ. ಬೋಂಡ ತಪ್ಪಿತು, ರಾತ್ರಿಯ ಮುದ್ದೆ ಮರಳಿ ಬಂತು, ಪ್ಯಾಂಟು ಸಡಿಲವಾಯಿತು. ಮೊನ್ನೆ ಡಾಕ್ಟರು ಮಾತ್ರೆ ಬೇಡ ಎಂದರು. ಅದು ಸಂತೋಷದ ಸುದ್ದಿ ಎಂದು ಊರಿನಲ್ಲಿ ಯಾರಿಗೂ ಅನ್ನಿಸಿದಂತಿಲ್ಲ. ಸಿದ್ದರಾಜು ಬೈಕು ನಿಧಾನ ಮಾಡಿ, ದನಿ ತಗ್ಗಿಸಿ, "ಕಂಪ್ನೀಲಿ ಕೆಲ್ಸದಿಂದ ತೆಗೆದ್ಬುಟ್ರಾ ಕೆಂಪಣ್ಣ? ಯೋಳು, ನಾವಿಲ್ವಾ" ಎಂದ. ನಮ್ಮತ್ತೆ ಸುದ್ದಿ ಕೇಳಿ ಒಂದು ನಾಟಿ ಕೋಳಿ ಹಿಡಿದುಕೊಂಡೇ ಬಂದು, "ಅಳೀಮಯ್ಯ ಸೊರಗೋಗವ್ರೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಬೆರಳು ಹತ್ತೂ ಉಳಿದವು, ಮಾನ ಹೋಗುವಂತಾಯಿತು. ಆದ್ದರಿಂದ ಈಗ ಸೊಪ್ಪಿನ ಹೊರೆ ತಲೆಯ ಮೇಲಿಟ್ಟುಕೊಳ್ಳುವ ಮೊದಲು ಕೊರಳಿಗೆ ಕಂಪನಿಯ ಐಡಿ ಕಾರ್ಡು ಹಾಕಿಕೊಳ್ಳುತ್ತೇನೆ. ಅದರ ಫೋಟೋದಲ್ಲಿ ನನ್ನ ಹಳೆಯ ಕೆನ್ನೆಗಳು ಇನ್ನೂ ಹಾಗೇ ತುಂಬಿಕೊಂಡಿವೆ. ಎದುರು ಬಂದವರಿಗೆ ಅದನ್ನೇ ತೋರಿಸಿ ಮುಂದೆ ನಡೆಯುತ್ತೇನೆ.