ಗಿರಾಕಿ ಸೈಕಲ್ ಹತ್ತದ ಚಮನಸಾಬರು

ಎಲ್ಲವೂ ಆ ಗಿರಿಯಪ್ಪನ ಬಾಯಿಂದ ಆದದ್ದು. ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಚಹಾದಂಗಡಿ ಇಟ್ಟುಕೊಂಡ ಮನುಷ್ಯ ಚಹಾ ಕಾಸಿಕೊಂಡು ಸುಮ್ಮನಿರಬೇಕೋ ಬೇಡವೋ? ಊರೂರಿನಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಹುರುಪು ಎದ್ದಿದ್ದ ತೊಂಬತ್ತರ ಆಚೀಚಿನ ಕಾಲ ಅದು. ಸಾಕ್ಷರತಾ ಸಮಿತಿಯವರು ಅವನ ಅಂಗಡಿಯ ಬಾಕಿನ ಮೇಲೆ ಕೂತು, ರವಿವಾರ ಕಾಗಿನೆಲೆಗೆ ಹೊರಡುವ ಸೈಕಲ್ ಜಾಥಾಕ್ಕೆ ಮುಂದಾಳು ಯಾರಾಗಬೇಕೆಂದು ತಲೆ ಕೆರೆದುಕೊಳ್ಳುತ್ತಿದ್ದರು. ಯಾರೂ ಕೇಳದಿದ್ದರೂ ಗಿರಿಯಪ್ಪ ಚಹಾ ಸೋಸುತ್ತಲೇ ಹೇಳಿಬಿಟ್ಟ.

"ಇದಕ್ಯಾಕ ಇಷ್ಟ ವಿಚಾರ ಮಾಡಾಕತ್ತೀರಿ? ನಮ್ಮ ಬಾಜೂಕ ಚಮನಸಾಬ್ರು ಅದಾರಲ್ರೀ! ಸೈಕಲ್ ಅಂಗಡಿ ಇಟ್ಟು ಇಷ್ಟ ವರ್ಷಾತು, ಒಂದ ದಿನರ ಗಿರಾಕಿ ಸೈಕಲ್ ಮ್ಯಾಲ ಕುಂತಾರೇನು? ಅಂಥಾ ಇಮಾನದಾರ ಮನಷ್ಯಾ ಎಲ್ಲಿ ಸಿಗ್ತಾನ?"

ಈ ಮಾತು ಸುಳ್ಳೇನಲ್ಲ. ಬೇರೆ ಅಂಗಡಿಗಳಲ್ಲಿ ಪಂಕ್ಚರಿಗೆ ಬಿಟ್ಟ ಸೈಕಲ್ಲು ಸಂಜೆಯೊಳಗೆ ಸಂತೆಯಿಂದ ಕಾಯಿಪಲ್ಲೆ ಹೊತ್ತು ತಂದು, ಸಿನಿಮಾ ಥೇಟರಿನ ಮುಂದೆ ಒಂದಿಷ್ಟು ಹೊತ್ತು ನಿಂತು ವಾಪಸ್ಸಾಗುತ್ತಿತ್ತು. ಕೇಳಿದರೆ "ಟ್ರಾಯಲ್ ನೋಡಿದ್ವಿ" ಎನ್ನುತ್ತಿದ್ದರು. ಚಮನಸಾಬರು ಹಾಗಲ್ಲ. ಕೆಲಸ ಮುಗಿದ ಮೇಲೆ ಸ್ಟ್ಯಾಂಡ್ ಹಾಕಿ, ಕೈಯಿಂದಲೇ ಪೆಡಲ್ ತಿರುಗಿಸಿ, ಗಾಲಿಯ ಸದ್ದಿಗೆ ಕಿವಿಗೊಟ್ಟು, "ಒಯ್ರಿ, ಬೆಣ್ಣಿಯಾಗೇತಿ" ಎನ್ನುವರು. ಒಂದು ರೌಂಡ್ ಹೊಡೆದು ನೋಡಿ ಎಂದು ಯಾರಾದರೂ ಅಂದರೆ ಗಡ್ಡ ನೀವಿಕೊಂಡು, "ಮಂದಿ ನಂಬಿ ಬಿಟ್ಟ ವಸ್ತು ರೀ ಇದು. ಅದರ ಮ್ಯಾಲ ನಾ ಕುಂಡ್ರಬಾರದು" ಎನ್ನುವರು. ಈ ಒಂದು ಮಾತಿನ ಮೇಲೆ ಅವರ ಅಂಗಡಿ ನಡೆದಿತ್ತು. ಮೆಣಸಿನಕಾಯಿ ಪೇಟೆಯ ದಲಾಲರಿಂದ ಹಿಡಿದು ಹಮಾಲರವರೆಗೆ ಎಲ್ಲರೂ ಕಣ್ಣು ಮುಚ್ಚಿಕೊಂಡು ಅಲ್ಲಿ ಸೈಕಲ್ ಬಿಟ್ಟು ಹೋಗುತ್ತಿದ್ದರು.

ಒಳಗಿನ ಸಂಗತಿ ಬೇರೆ. ಚಮನಸಾಬರಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಚಿಕ್ಕವರಿದ್ದಾಗ ಅವರಪ್ಪ ಮೌಲಾಸಾಬರು, "ಬಾಡಿಗಿ ಸೈಕಲ್ ಮ್ಯಾಲ ನೀನ ಕುಂತರ ಬಾಡಿಗಿ ಯಾರ ಕೊಡ್ತಾರಲೇ?" ಎಂದು ಸೀಟು ಮುಟ್ಟಗೊಡಲಿಲ್ಲ. ಅಪ್ಪ ತೀರಿಕೊಳ್ಳುವ ಹೊತ್ತಿಗೆ ಮಗನಿಗೆ ಗಡ್ಡ ಬಂದಿತ್ತು. ಸೈಕಲ್ ಅಂಗಡಿಯ ಮಾಲೀಕ ಗಡ್ಡ ಬಿಟ್ಟುಕೊಂಡು ನಡುಬೀದಿಯಲ್ಲಿ ಬಿದ್ದೆದ್ದು ಕಲಿಯುವುದೆಂದರೆ ಹೇಗೆ? ನಾಳೆ, ನಾಡಿದ್ದು ಎನ್ನುತ್ತ ಆ ಗಡ್ಡವೂ ನರೆಯಿತು. ನಾಚಿಕೆ ಮುಚ್ಚಿಕೊಳ್ಳಲು ಆಡಿದ ಮಾತನ್ನು ಊರು ಎತ್ತಿ ಜಗಲಿಯ ಮೇಲೆ ಇಟ್ಟು ಪೂಜೆ ಮಾಡಿತು. ನಿಜ ಗೊತ್ತಿದ್ದದ್ದು ಹೆಂಡತಿ ಜೈತೂನಬಿಗೆ ಮಾತ್ರ. ಈಗ ಸಮಿತಿಯವರು ಅವರನ್ನೇ ಮುಂದಾಳು ಮಾಡಿ ಊರಿಗೆಲ್ಲ ಸಾರಿದ್ದೂ ಆಗಿತ್ತು.

"ಖರೇ ಹೇಳಿಬಿಡ್ರಿ, ಹೊಟ್ಟಿ ಹಗರಾಗತೈತಿ" ಎಂದಳು ಆಕೆ ರವಿವಾರ ಬೆಳಿಗ್ಗೆ.

"ಹೊಟ್ಟಿ ಹಗರಾಗತೈತಿ, ಖರೇ. ಅಂಗಡಿ ಬಂದಾದ ಮ್ಯಾಲ ಹೊಟ್ಟಿ ಹಗರ ಆಗಲಾರದ ಏನ ಮಾಡತೈತಿ?" ಎಂದು ಚಮನಸಾಬರು ಟೋಪಿ ಹಾಕಿಕೊಂಡು ಹೊರಟರು. ಇಷ್ಟು ವರ್ಷ ಇಮಾನದಾರಿ ಎಂದು ನಂಬಿಸಿದ್ದು ಬರೀ ಸೋಗು ಎಂದು ತಿಳಿದರೆ ಯಾರು ಸೈಕಲ್ ಬಿಟ್ಟಾರು? ಅದೊಂದೇ ಭಯ ಅವರಿಗೆ.

ಅಂಗಡಿಯ ಮುಂದೆ ಆಗಲೇ ಜಾಥಾ ನೆರೆದಿತ್ತು. ಸಮಿತಿಯ ಕಾರ್ಯದರ್ಶಿ ಶಿವಾನಂದ ಮಾಸ್ತರರು ಬಿಳೀ ಅಂಗಿಯಲ್ಲಿ ಮಿಂಚುತ್ತಿದ್ದರು. ಹಿಂದೆ ಟ್ರ್ಯಾಕ್ಟರಿನ ಟ್ರೇಲರ್ ತುಂಬ ಹೊಸದಾಗಿ ಅಕ್ಷರ ಕಲಿತ ಹೆಂಗಸರು. ಅವರಲ್ಲಿ ಹಿರಿಯಳು ಮುತ್ತವ್ವ, ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವಾಕೆ, ಪಾಟಿಯನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಅವತ್ತು ಕಾಗಿನೆಲೆಯ ಸಭೆಯಲ್ಲಿ ಆಕೆ ಎಲ್ಲರೆದುರು ಓದಬೇಕಿತ್ತು.

ಚಮನಸಾಬರು ಉತ್ತರ ಸಜ್ಜು ಮಾಡಿಕೊಂಡೇ ಬಂದಿದ್ದರು. "ಮಾಸ್ತರ್ರ, ನನ್ನ ಬಾಡಿಗಿ ಸೈಕಲ್ ಎಲ್ಲಾ ನಿಮ್ಮ ಹುಡುಗರ ಒಯ್ದಾರ. ಒಳಗಿರೂವು ಗಿರಾಕಿಗಳವು. ನಾ ಯಾವುದರ ಮ್ಯಾಲ ಬರ್ಲಿ?"

"ಹಿಂಗ ಅಂತೀರಂತ ಗೊತ್ತಿತ್ರೀ!" ಎಂದು ಮಾಸ್ತರರು ಚಪ್ಪಾಳೆ ತಟ್ಟಿದರು. ಜನ ಸರಿದು ದಾರಿ ಬಿಟ್ಟರು. ಗಿರಿಯಪ್ಪ ಹಾರ ಹಾಕಿದ ಹೊಚ್ಚ ಹೊಸ ಸೈಕಲ್ಲನ್ನು ಮದುಮಗನನ್ನು ಕರೆತರುವಂತೆ ನಡೆಸಿಕೊಂಡು ಬಂದ. "ಪ್ಯಾಟಿ ದಲಾಲರು ಪಟ್ಟಿ ಹಾಕಿ ರೊಕ್ಕ ಕೂಡಿಸಿ ನಿಮಗಂತನ ಕೊಡಿಸ್ಯಾರ. ಇದು ನಿಮ್ಮ ಸ್ವಂತದ್ದು. ಹತ್ರಿ!" ಎಂದ.

ಇಡೀ ಊರಿನ ಪ್ರೀತಿ ಎದುರಿಗೆ ನಿಂತು ಗಂಟೆ ಬಾರಿಸುತ್ತಿತ್ತು. ಚಮನಸಾಬರ ಕಣ್ಣಲ್ಲಿ ನೀರು ಬಂತು. ಅರ್ಧ ಅಭಿಮಾನಕ್ಕೆ, ಅರ್ಧ ಹೆದರಿಕೆಗೆ. "ಮೊಣಕಾಲ ಹಿಡದೈತ್ರೀ" ಎಂದು ಅಲ್ಲೇ ಬಾಕಿನ ಮೇಲೆ ಕುಸಿದರು.

"ಅಷ್ಟ ಹೌದಲ್ಲ?" ಎಂದವನೇ ಗಿರಿಯಪ್ಪ ಒಳಗೆ ಓಡಿ, ಮಿರ್ಚಿ ಕರಿದ ಎಣ್ಣೆಯನ್ನು ಬಟ್ಟಲಲ್ಲಿ ತಂದು, ಬೇಡ ಬೇಡವೆಂದರೂ ಪೈಜಾಮ ಮೇಲೇರಿಸಿ ಮೊಣಕಾಲಿಗೆ ತಿಕ್ಕಿದ. ಮೆಣಸಿನಕಾಯಿಯ ಊರಿನ ಎಣ್ಣೆ, ಮೊಣಕಾಲು ಭಗ್ಗೆಂದು ಉರಿಯಿತು. "ಯಾ ಅಲ್ಲಾ!" ಎಂದು ಚಮನಸಾಬರು ಕುಪ್ಪಳಿಸಿ ಎದ್ದು ನಿಂತರು.

"ನೋಡ್ರಿ, ಎದ್ದ ಬಿಟ್ರು! ನನ್ನ ಕೈಗುಣಾನ ಹಂಗೈತಿ!" ಎಂದು ಗಿರಿಯಪ್ಪ ಊರಿಗೆಲ್ಲ ಕೇಳುವಂತೆ ಸಾರಿದ.

ಉಳಿದದ್ದು ಒಂದೇ ದಾರಿ. "ಹೊಸಾ ಸೈಕಲ್ ಹಂಗ ಹತ್ತಬಾರದ್ರೀ. ಕಂಪನಿಯವರು ಬಿಗದಿದ್ದರ ಮ್ಯಾಲ ನನಗ ನಂಬಿಗಿ ಇಲ್ಲ" ಎಂದು ಚಮನಸಾಬರು ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಕೂತರು. ಗಾಲಿ ಬಿಚ್ಚಿದರು, ಚೈನು ಬಿಚ್ಚಿದರು, ಗಾಲಿಯೊಳಗಿನ ಉಕ್ಕಿನ ಗುಂಡುಗಳನ್ನು, ಆ ಛರ್ರೆಗಳನ್ನೆಲ್ಲ ತಟ್ಟೆಗೆ ಸುರಿದು ಒಂದೊಂದನ್ನೇ ಒರೆಸಿದರು. ಕಾದು ಬೇಸತ್ತು ಜನ ಮನೆಗೆ ಹೋಗಲಿ ಎಂಬುದು ಅವರ ಹಂಚಿಕೆ. ಜನ ಹೋಗಲಿಲ್ಲ. "ಎಷ್ಟ ಕಾಳಜಿ ನೋಡ್ರಿ!" ಎನ್ನುತ್ತ ಗಿರಿಯಪ್ಪನ ಚಹಾ ಕುಡಿದರು. ಹಾಗೆ ನೋಡುತ್ತ ಕೂತ ಕೆಲವರು ತಮ್ಮ ಸೈಕಲ್ಲನ್ನೂ ಸೋಮವಾರ ಹೀಗೇ ಬಿಚ್ಚಿ ಸ್ವಚ್ಛ ಮಾಡಿಕೊಡಬೇಕೆಂದು ಹೇಳಿಟ್ಟರು. ಚಮನಸಾಬರ ಹೆಸರು ಮತ್ತಷ್ಟು ಮೇಲೇರಿತು. ಸೈಕಲ್ಲೂ ಕಡೆಗೆ ಜೋಡಣೆಯಾಗಿ ನಿಂತಿತು.

ಚಮನಸಾಬರು ಅದರ ಹ್ಯಾಂಡಲ್ ಹಿಡಿದು, ಹತ್ತದೆ, ತಳ್ಳಿಕೊಂಡು ನಡೆದರು. "ಊರ ದಾಟೂ ಮಟ ಎಲ್ಲಾರಿಗೂ ಸಲಾಮ್ ಹೇಳಿಕೋತ ಹೋಗೂಣು" ಎಂದರು. ಮುಂದಾಳೇ ನಡೆಯುವಾಗ ಹಿಂದಿನವರು ಹತ್ತುವುದು ಹೇಗೆ? ಇಡೀ ಜಾಥಾ ಸೈಕಲ್ ತಳ್ಳಿಕೊಂಡು ಹೊರಟಿತು. ಊರು ದಾಟಿತು, ಮುಂದಾಳು ಹತ್ತಲಿಲ್ಲ. ಹೊಲಗಳು ಬಂದವು, ಆಗಲೂ ಹತ್ತಲಿಲ್ಲ. ಹಿಂದಿದ್ದ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ. ಎದುರು ಬಂದ ಹೆಣ್ಣುಮಗಳೊಬ್ಬಳು, "ಎಲ್ಲಾರವೂ ಒಮ್ಮೆಲೇ ಪಂಕ್ಚರ್ ಆದುವೇನ್ರೀ?" ಎಂದು ಮರುಗಿದಳು.

ಬೆವರು ಒರೆಸಿಕೊಳ್ಳುತ್ತ ಮಾಸ್ತರರು ಹತ್ತಿರ ಬಂದರು. "ಸಾಬ್ರ, ಯಾಕ ಹತ್ತವಲ್ರಿ?"

ಚಮನಸಾಬರು ಮುಖ ತಪ್ಪಿಸಿ ಟ್ರೇಲರಿನಲ್ಲಿದ್ದ ಹೆಂಗಸರ ಕಡೆ ನೋಡಿದರು. ಅಷ್ಟೇ ಸಾಕಾಯಿತು ಮಾಸ್ತರರಿಗೆ. ಅವರ ಮುಖ ಬೆಳಗಿತು. "ತಿಳೀತು, ತಿಳೀತು! ಅಕ್ಷರ ಬಾರದವರನ್ನ ಹಿಂದ ಬಿಟ್ಟು ಹೋಗಬಾರದು, ಅವರ ಜೋಡಿ ನಾವೂ ನಡಿಯೋದು! ಎಂಥಾ ವಿಚಾರ ಸಾಬ್ರ!" ಎಂದು ಹಿಂದೆ ತಿರುಗಿ ಎಲ್ಲರಿಗೂ ಕೂಗಿ ಹೇಳಿದರು. ಗೊಣಗುತ್ತಿದ್ದವರೂ ಸುಮ್ಮನಾಗಿ ಕಾಲೆಳೆದರು.

ಕಾಗಿನೆಲೆ ಮುಟ್ಟಿದಾಗ ಸೂರ್ಯ ನೆತ್ತಿ ದಾಟಿದ್ದ. ಸಭೆಯಲ್ಲಿ ಮುತ್ತವ್ವ ಎದ್ದು ನಿಂತಳು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ತನ್ನ ಹೆಸರು ಓದಿದಳು, ಗಂಡನ ಹೆಸರು ಓದಿದಳು, ಊರ ಹೆಸರಿಗೆ ಬಂದಾಗ ತಪ್ಪಿದಳು. ಯಾರೋ ನಕ್ಕರು. "ನಗ್ರಿ ಬಿಡ್ರಿ, ಬರದಿದ್ದಕ್ಕ ತಪ್ಪೇನಿ. ಈಗ ಮತ್ತ ಓದ್ತೇನಿ" ಎಂದು ಮೊದಲಿನಿಂದ ಓದಿ ಮುಗಿಸಿ, ಸೆರಗು ಸರಿ ಮಾಡಿಕೊಂಡು ಕೂತಳು.

ಈ ಮುದುಕಿಗೆ ಇರುವ ಧೈರ್ಯ ತನಗಿಲ್ಲವಲ್ಲ ಎಂದು ಚಮನಸಾಬರಿಗೆ ನಿಜವಾಗಿ ನಾಚಿಕೆಯಾಯಿತು. ಇಷ್ಟು ವರ್ಷ ಪಟ್ಟದ್ದು ನಾಚಿಕೆಯೇ ಅಲ್ಲ, ಬರೀ ಸೊಕ್ಕು ಅನ್ನಿಸಿತು. ಅಂಗಡಿ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ, ತಮ್ಮ ಸರದಿ ಬಂದಾಗ ಮೈಕ್ ಹಿಡಿದರು.

"ನನಗ ಸೈಕಲ್ ಹೊಡಿಯಾಕ ಬರಂಗಿಲ್ಲ. ಎಂದೂ ಬರ್ತಿರಲಿಲ್ಲ. ಗಿರಾಕಿ ಸೈಕಲ್ ಹತ್ತಂಗಿಲ್ಲ ಅಂತ ಹೇಳಿದ್ದು ಇಮಾನದಾರಿ ಅಲ್ಲ, ಬೀಳ್ತೇನಂತ ಅಂಜಿಕಿ. ನಿಮಗೆಲ್ಲಾರಿಗೂ ಸುಳ್ಳ ಹೇಳೇನಿ. ಮಾಫ್ ಮಾಡ್ರಿ."

ಚಮನಸಾಬರು ಕಣ್ಣು ಮುಚ್ಚಿಕೊಂಡು ಕಾದರು.

ಆಮೇಲೆ ಚಪ್ಪಾಳೆ ಬಿತ್ತು. ಎಂಥಾ ಚಪ್ಪಾಳೆ! ಮಾಸ್ತರರು ಓಡಿ ಬಂದು ಅಪ್ಪಿಕೊಂಡರು. "ಕೇಳಿದ್ರೆಲ್ಲಾ? ಬಾರದವರ ಸಂಕಟ ನಮಗ ತಿಳೀಲಂತ, ಇಷ್ಟ ದೊಡ್ಡ ಸೈಕಲ್ ಮನಷ್ಯಾ ತನಗ ಸೈಕಲ್ಲ ಬರಂಗಿಲ್ಲ ಅಂತ ಹೇಳಿದ್ರು! ಎಂಥಾ ನಾಟಕ, ಎಂಥಾ ನೀತಿ!"

"ನಾಟಕ ಅಲ್ರೀ, ಖರೇನ—"

"ಸಾಕ ಸಾಕ್ರಿ ಸಾಬ್ರ, ಕಣ್ಣಾಗ ನೀರ ತರಿಸಿದ್ರಿ!" ಎಂದು ಗಿರಿಯಪ್ಪ ಕೆಳಗಿನಿಂದ ಕೂಗಿದ.

ನಂಬಬೇಕಾದ ಒಂದು ಮಾತನ್ನು ಯಾರೂ ನಂಬಲಿಲ್ಲ. ಊಟವಾಯಿತು. ನಮಾಜು ಮುಗಿಸಿ ಬರುತ್ತೇನೆ ಎಂದು ಚಮನಸಾಬರು ಸೈಕಲ್ಲಿನವರನ್ನೆಲ್ಲ ಮುಂದೆ ಕಳಿಸಿದರು. ಹುಡುಗರು ಹಾರಿ ಹಾರಿ ಸೈಕಲ್ ಏರಿ ಗಾಳಿಯಂತೆ ಹೋದರು. ಮಾಸ್ತರರು, ಗಿರಿಯಪ್ಪ, ಟ್ರ್ಯಾಕ್ಟರಿನವರು ಶಾಮಿಯಾನಾ ಬಿಚ್ಚಲು ಉಳಿದರು. ನಮಾಜಿನ ಮೇಲೆ ಚಮನಸಾಬರು ಒಬ್ಬರೇ ಹೊಸ ಸೈಕಲ್ ತಳ್ಳಿಕೊಂಡು ಊರ ಹಾದಿ ಹಿಡಿದರು. ತುಸು ಹೊತ್ತಿಗೆ ಹಿಂದಿನಿಂದ ಮುತ್ತವ್ವ ಲಗುಬಗೆಯಿಂದ ನಡೆದು ಬಂದು ಜೊತೆಯಾದಳು.

"ತಮ್ಮಾ, ನಿನಗ ಸೈಕಲ್ ಬರಂಗಿಲ್ಲ ಅಂಬೂದು ನನಗ ಮೊದಲ ಗೊತ್ತಿತ್ತು."

ಚಮನಸಾಬರು ನಿಂತೇಬಿಟ್ಟರು. "ಹೆಂಗ ಯವ್ವಾ?"

"ದಿನಾ ನಿನ್ನ ಅಂಗಡಿ ಮುಂದ ಹಾದು ಪ್ಯಾಟಿಗೆ ಹೋಗ್ತೇನಿ. ಸೈಕಲ್ ಹೊಡಿಯಾಂವನ ಪೈಜಾಮಕ್ಕ ಚೈನಿನ ಎಣ್ಣಿ ಹತ್ತಿರತೈತಿ. ನಿನ್ನ ಕೈಯಷ್ಟ ಕರೀದು, ಪೈಜಾಮ ಹಾಲಿನಂಗ ಬೆಳ್ಳಗ. ನಾನೂ ಹಂಗ ಇದ್ನೆಪ್ಪಾ. ಬಸ್ಸಿನ ಬೋರ್ಡ ಓದಾಕ ಬರ್ತಿರಲಿಲ್ಲ. ಯಾರರ ಕೇಳಿದ್ರ 'ಚಸ್ಮಾ ಮರತ ಬಂದೇನಿ' ಅಂತಿದ್ದೆ. ಚಸ್ಮಾನ ಇರಲಿಲ್ಲ ನನ್ನ ಕಡೆ."

ಇಬ್ಬರೂ ನಕ್ಕರು. ನಿಜ ಗೊತ್ತಿದ್ದೂ ಇಷ್ಟು ವರ್ಷ ಯಾರಿಗೂ ಹೇಳದೆ ದಿನವೂ ನಕ್ಕು ಹಾದುಹೋದ ಈ ಮುದುಕಿಯ ಮುಂದೆ ಚಮನಸಾಬರಿಗೆ ಮೊದಲ ಸಲ ನಿರಾಳವಾಯಿತು.

"ಹತ್ತು" ಎಂದಳು ಮುತ್ತವ್ವ. "ನನ್ನ ಕೈ ಹಿಡದು ಮಾಸ್ತರು ಅಕ್ಷರ ತಿದ್ದಿಸಿದ್ರು. ನಿನ್ನ ಕ್ಯಾರಿಯರ್ ನಾ ಹಿಡಿತೇನಿ."

ಹಾದಿಯಲ್ಲಿ ಯಾರೂ ಇರಲಿಲ್ಲ. ಚಮನಸಾಬರು ಬಿಸ್ಮಿಲ್ಲಾ ಎಂದು ಹತ್ತಿದರು. ಬಿದ್ದರು. ಮತ್ತೆ ಹತ್ತಿ ಮತ್ತೆ ಬಿದ್ದರು. ಮಿರ್ಚಿ ಎಣ್ಣೆ ತಿಕ್ಕಿಸಿಕೊಂಡಿದ್ದ ಅದೇ ಮೊಣಕಾಲು ಕಲ್ಲಿಗೆ ಬಡಿದು ರಕ್ತ ಬಂತು. ಮುತ್ತವ್ವ ಬಿಡಲಿಲ್ಲ. "ಮುಂದ ನೋಡು, ಗಾಲಿ ನೋಡಬ್ಯಾಡ!" ಎಂದು ಕ್ಯಾರಿಯರ್ ಹಿಡಿದು ಓಡಿದಳು. ಕಡೆಗೊಮ್ಮೆ ಆಕೆಯ ದನಿ ದೂರದಿಂದ ಕೇಳಿಸಿತು. ಕೈಬಿಟ್ಟಿದ್ದಳು! ಸೈಕಲ್ಲು ಆ ಕಡೆ ಈ ಕಡೆ ತೂರಾಡುತ್ತ, ಆಮೆಯ ಹೆಜ್ಜೆಯಲ್ಲಿ, ಆದರೆ ಬೀಳದೆ ಹೋಗುತ್ತಿತ್ತು. ಚಮನಸಾಬರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಪ್ಪನನ್ನು ನೆನೆದು ಬಿಕ್ಕಿದರು.

ಆಗಲೇ ಹಿಂದೆ ಟ್ರ್ಯಾಕ್ಟರಿನ ಸದ್ದು. ಮಾಸ್ತರರು, ಗಿರಿಯಪ್ಪ, ಹೆಂಗಸರು ಎಲ್ಲರೂ ಟ್ರೇಲರಿನಲ್ಲಿ ಎದ್ದು ನಿಂತು ನೋಡುತ್ತಿದ್ದರು. ಚಮನಸಾಬರು ಗಾಬರಿಯಾಗಿ ಕಾಲು ಊರಿದರು.

"ಅಬ್ಬಬ್ಬಾ!" ಎಂದು ಮಾಸ್ತರರು ಕೆಳಗೆ ಹಾರಿದರು. "ಎಂಥಾ ಹಿಡತ! ಇಷ್ಟ ಸಾವಕಾಶ ಹೊಡದರೂ ಬೀಳಲಿಲ್ಲಲ್ರೀ! ಬರೂ ರವಿವಾರ ರಾಣೆಬೆನ್ನೂರಾಗ ನಿಧಾನ ಸೈಕಲ್ ಸ್ಪರ್ಧಾ ಐತಿ. ಕಾಲ ನೆಲಕ್ಕ ಹಚ್ಚಲಾರದ ಎಲ್ಲಾರಕಿಂತ ಹಿಂದ ಉಳದಾಂವಗ ಬಹುಮಾನ. ಹಾವೇರಿಯವರ ಪ್ರತಿ ವರ್ಷ ಹೊಡಕೊಂಡ ಹೋಗ್ತಾರ. ಈ ಸಲ ನೋಡೂಣು!"

"ಮಾಸ್ತರ್ರ, ನಾ ಈಗಷ್ಟ ಕಲಿಯಾಕತ್ತೇನಿ!"

"ನೋಡ್ರಿ, ಮತ್ತ ಅದ ನಾಟಕ!" ಎಲ್ಲರೂ ಗೊಳ್ಳೆಂದು ನಕ್ಕರು.

"ಖರೇ ಹೇಳಾಕತ್ತಾನ, ನಾನ ಕಲಿಸೇನಿ" ಎಂದಳು ಮುತ್ತವ್ವ ಏದುಸಿರು ಬಿಡುತ್ತ.

"ಮುತ್ತವ್ವನೂ ನಾಟಕ ಕಲ್ತಬಿಟ್ಲು!" ಎಂದರು ಮಾಸ್ತರರು ಹೆಮ್ಮೆಯಿಂದ.

ಚಮನಸಾಬರು ಕಟ್ಟಕಡೆಯ ಆಸೆಯಿಂದ ಪೈಜಾಮ ಮೇಲೆತ್ತಿ, ರಕ್ತ ಒಸರುವ ಮೊಣಕಾಲು ತೋರಿಸಿದರು. "ಮೊಣಕಾಲ ಹೋಗೇತ್ರಿ. ಖರೇನ ಹೋಗೇತಿ. ಸ್ಪರ್ಧಾಕ್ಕ ಹೆಂಗ ಬರ್ಲಿ?"

ಗಿರಿಯಪ್ಪ ಟ್ರೇಲರಿನಿಂದ ಬಗ್ಗಿ ನೋಡಿದ. ಅವನ ಮುಖ ಅರಳಿತು.

"ಅದಕ್ಯಾಕ ಚಿಂತಿ ಮಾಡ್ತೀರಿ ಸಾಬ್ರ?" ಎಂದ. "ರವಿವಾರ ಮುಂಜಾನೆ ಎಣ್ಣಿ ತರ್ತೇನಿ."