ಕಿಟಕಿಯಾಚೆಯ ಬೆಂಗಳೂರು

ಶಿವುವಿನ ನೌಕರಿಗೆ ಕುತ್ತು ತಂದದ್ದು ಒಂದು ಮುಸಿಯ.

ಬೆಳಿಗ್ಗೆ ಒಂಬತ್ತಕ್ಕೆ ತಲೆ ಬಾಚಿ, ಮೇಲೆ ಇಸ್ತ್ರಿ ಶರ್ಟು, ಕೆಳಗೆ ಲುಂಗಿ ಉಟ್ಟು ಅವನು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಬಾಸ್ ಸುಂದರೇಶರಿಗೆ ಗಂಭೀರವಾಗಿ ವರದಿ ಒಪ್ಪಿಸುತ್ತಿದ್ದ. ಆಗ ಆ ಕಪ್ಪು ಮುಖದ, ಮಾರುದ್ದ ಬಾಲದ ಕೋತಿ ಹಿಂದಿನ ಕಿಟಕಿಯಲ್ಲಿ ಬಂದು ಕೂತು, ಅಲ್ಲಿಟ್ಟಿದ್ದ ಬಾಳೆಹಣ್ಣು ಸುಲಿಯತೊಡಗಿತು.

“ಶಿವು, ನಿನ್ನ ಹಿಂದೆ ಯಾರಯ್ಯ ಅದು?”

ತಿರುಗಿ ನೋಡಿದ ಶಿವುವಿನ ಬಾಯಿಗೆ ಬಂದದ್ದು ಒಂದೇ. “ನಮ್ಮ ಮಾವ, ಸರ್. ಊರಿಂದ ಬಂದಿದಾರೆ.”

“ನಿಮ್ಮ ಮಾವನಿಗೆ ಬಾಲ ಇದೆಯಾ?”

ಶಿವು ಬೆವರಿದ. ಕಂಪನಿಯ ರೂಲು ಹಾಗಿತ್ತು: ಮನೆಯಲ್ಲೇ ಕೂತು ಕೆಲಸ ಮಾಡಬಹುದು, ಆದರೆ ಆ ಮನೆ ಬೆಂಗಳೂರಲ್ಲೇ ಇರಬೇಕು. ಎಲ್ಲಿ ಕೂತರೂ ಅದೇ ಹತ್ತು ಬೆರಳು, ಅದೇ ಕುತ್ತಿಗೆ ನೋವು. ಆ ರೂಲು ಬರೆದವನ ತಲೆಯೊಳಗೆ ಎಂತ ತುಂಬಿತ್ತೋ! ಶಿವು ಬನಶಂಕರಿಯ ವಿಳಾಸ ಕೊಟ್ಟು, ನಾಲ್ಕು ತಿಂಗಳಿಂದ ಮಲೆನಾಡಿನ ಸಾಗರದಲ್ಲಿ ಹುಲಿಯಮ್ಮನ ಮನೆಯ ಮಹಡಿ ಮೇಲೆ ಕೂತಿದ್ದ. ನಾಲ್ಕು ತಿಂಗಳು ಅಂದರೆ, ಸ್ವಪ್ನಾಳನ್ನು ಮದುವೆಯಾದಾಗಿನಿಂದ.

“ಹನ್ನೊಂದೂವರೆಗೆ ಮತ್ತೆ ವಿಡಿಯೋ ಕಾಲ್ ಮಾಡ್ತೀನಿ,” ಅಂದರು ಸುಂದರೇಶ. “ಲ್ಯಾಪ್‌ಟಾಪ್ ಎತ್ತಿ ಕಿಟಕಿ ಆಚೆ ತೋರಿಸು. ಬೆಂಗಳೂರು ಕಾಣಬೇಕು. ಕಾಣದಿದ್ರೆ ಸೋಮವಾರದಿಂದ ದಿನಾ ಆಫೀಸಿಗೆ ಬಾ.”

ಆಫೀಸು ಅಂದರೆ ಮತ್ತೆ ಐದು ಜನರ ಪೀಜಿ ರೂಮು. ಇಲ್ಲಾದರೆ ಸ್ವಪ್ನಾಳ ಟೈಲರಿಂಗ್ ಅಂಗಡಿ ಅವನ ರೂಮಿನ ಸರಿಯಾಗಿ ಕೆಳಗೇ ಇತ್ತು. ಟೀ ಆದ ಕೂಡಲೇ ಅವಳು ಗಜಕೋಲಿನಿಂದ ಹಲಗೆ ಮುಚ್ಚಿಗೆಗೆ ಟಕ್ ಟಕ್ ಅಂತ ಎರಡು ಬಡಿಯುತ್ತಿದ್ದಳು. ಶಿವು ನಾಲ್ಕೇ ಹಾರಿಗೆ ಮೆಟ್ಟಿಲು ಇಳಿಯುತ್ತಿದ್ದ. ಆ ಎರಡು ಬಡಿತ ಬಿಟ್ಟು ಬದುಕುವುದು ಹೇಗೆ?

ಅವನು ಕೆಳಗೋಡಿ ಹೆಂಡತಿಗೆ ಎಲ್ಲ ಹೇಳಿದ.

“ಮುಸಿಯನ್ನ ನಮ್ಮಪ್ಪ ಅಂದ್ರಾ?” ಸ್ವಪ್ನಾ ಕತ್ತರಿ ಎತ್ತಿದಳು.

“ಅದಲ್ಲ ಈಗಿನ ವಿಷಯ ಮಾರಾಯ್ತಿ!”

ಬ್ಲೌಸು ಹೊಲಿಸಲು ಕೂತಿದ್ದ ಮನೆಯೊಡತಿ ಹುಲಿಯಮ್ಮನಿಗೆ ಅಷ್ಟು ಕೇಳಿದ್ದೇ ಸಾಕಾಯಿತು. ಐದು ನಿಮಿಷದಲ್ಲಿ ಸುದ್ದಿ ಮೂಲೆಯ ಆಟೋ ಸ್ಟ್ಯಾಂಡ್ ಮುಟ್ಟಿತು. ಅಲ್ಲಿಂದ ಕನ್ನಪ್ಪ ಬಂದ. ಮೂರು ವರ್ಷ ಬೆಂಗಳೂರಲ್ಲಿ ಆಟೋ ಓಡಿಸಿದವನು. ಆ ಊರಿನ ವಿಷಯದಲ್ಲಿ ಅವನ ಮಾತೇ ಕೊನೆ.

“ಹೆದರಬ್ಯಾಡ. ಬೆಂಗಳೂರನ್ನ ಇಲ್ಲೇ ಮಾಡಿ ಕೊಡ್ತೀನಿ,” ಅಂದ ಕನ್ನಪ್ಪ. “ಬೆಂಗಳೂರು ಅಂದ್ರೆ ಎಂತ? ಎಲ್ಲ ಹಾರನ್ ಹೊಡಿಬೇಕು, ಯಾರೂ ಮುಂದೆ ಹೋಗಬಾರದು. ಅಷ್ಟೇಯ.”

“ನಂಗೆಂತ ಕೆಲಸ?” ಹುಲಿಯಮ್ಮ ಸೆರಗು ಸಿಕ್ಕಿಸಿದಳು.

“ನೀನು ಫುಟ್‌ಪಾತ್ ಮೇಲೆ ಬಿರಬಿರನೆ ಓಡಾಡು. ಆದ್ರೆ ಯಾರನ್ನೂ ಮಾತಾಡಿಸಬಾರದು.”

“ಎದುರಿಗೆ ಸಿಕ್ಕವರನ್ನೂ?”

“ಸಿಕ್ಕವರನ್ನೂ! ಅಲ್ಲಿ ಪಕ್ಕದ ಮನೆಯೋರನ್ನೇ ಮಾತಾಡಿಸಲ್ಲ.”

“ಥೂ, ಎಂಥಾ ದರಿದ್ರ ಊರೋ!” ಅಂದಳು ಹುಲಿಯಮ್ಮ, ಉಪವಾಸ ಮಾಡು ಅಂದಷ್ಟು ಸಂಕಟದಿಂದ.

ಹನ್ನೊಂದೂಕಾಲಿಗೆ ಆರು ಆಟೋ, ಒಂದು ಮೀನಿನ ಗಾಡಿ, ಎರಡು ಗೂಡ್ಸ್ ಗಾಡಿ ಅಡ್ಡರಸ್ತೆಯಲ್ಲಿ ಒಂದಕ್ಕೊಂದು ಮೂತಿ ತಾಗಿಸಿ ನಿಂತವು. ಕನ್ನಪ್ಪ ಸೊಂಟಕ್ಕೆ ಕೈಯಿಟ್ಟು ನೋಡಿದ. ಏನೋ ಕಮ್ಮಿ ಅನ್ನಿಸಿತು.

“ರಸ್ತೆ ಅಗೆದಿಲ್ಲ! ಬೆಂಗಳೂರಲ್ಲಿ ರಸ್ತೆ ಅಗೆದಿರಬೇಕು. ಮಾಸ್ತಪ್ಪ, ಜೆಸಿಬಿ ತಾರೋ!”

ಚಾ ಅಂಗಡಿಯಲ್ಲಿ ಬನ್ ತಿನ್ನುತ್ತಿದ್ದ ಮಾಸ್ತಪ್ಪನಿಗೆ ಎರಡು ಸಲ ಹೇಳಬೇಕಾಗಲಿಲ್ಲ. “ಸುಮ್ನೆ ಒಂಚೂರು ಕೆರೆದಂಗೆ ಮಾಡು” ಅಂದರೂ ಅವನು ಕೈತುಂಬ ಅನ್ನ ಬಾಚುವಂತೆ ಒಂದು ಬಾಚು ಬಾಚಿದ. ಕೆಳಗಿದ್ದ ನೀರಿನ ಪೈಪು ಒಡೆದು ಜೋಗ ಜಲಪಾತ ತಲೆಕೆಳಗಾಗಿ ನಿಂತಂತೆ ನೀರು ಮೇಲಕ್ಕೆ ಚಿಮ್ಮಿತು. ಮೀನಿನ ಗಾಡಿಯವನು ನೀರಿಗೆ ಕೊಚ್ಚಿಹೋದ ಬಂಗುಡೆ ಮೀನು ಹಿಡಿಯಲು ಓಡಿದ. ಹಿಂದಿನಿಂದ ಬಂದ ಬಸ್ಸು ನಿಂತಿತು. ಅದರ ಹಿಂದೆ ಕಾರುಗಳು, ಶಾಲಾ ವ್ಯಾನು. ನಾಟಕದ ಜಾಮು ನಿಜವಾಯಿತು. ಈಗ ಹಾರನ್ ಹೊಡೆಯಲು ಯಾರಿಗೂ ಹೇಳಿಕೊಡಬೇಕಿರಲಿಲ್ಲ, ಬಯ್ಯಲಂತೂ ಬೇಡವೇ ಬೇಡ.

ಸರಿಯಾಗಿ ಹನ್ನೊಂದೂವರೆಗೆ ಲ್ಯಾಪ್‌ಟಾಪು ಕೂಗಿತು. ಬಾಸಿನ ಕ್ಯಾಮೆರಾ ಆಫ್ ಇತ್ತು, ದನಿ ಮಾತ್ರ ಬಂತು.

“ತೋರಿಸು.”

ಶಿವು ಲ್ಯಾಪ್‌ಟಾಪು ಎತ್ತಿ ಹಿಡಿದ. ಪೀಂ, ಪೋಂ, “ನಿಮ್ಮಪ್ಪನ ರಸ್ತೆಯೇನೋ!”, ಜೆಸಿಬಿ, ನೀರಿನ ಬುಗ್ಗೆ.

ಆ ಕಡೆ ಸುಂದರೇಶರ ದನಿ ಮೆತ್ತಗಾಯಿತು. “ಬೆಂಗಳೂರೇ ಕಣಯ್ಯ. ಅನುಮಾನ ಪಟ್ಟಿದ್ದು ನನ್ನ ತಪ್ಪು.”

ಶಿವು ಕುಣಿಯುವುದೊಂದು ಬಾಕಿ. “ನಿಮ್ಮ ಕಡೆನೂ ಭಾರೀ ಗಲಾಟೆ ಕೇಳ್ತಿದೆ ಸರ್?”

“ಹೆಬ್ಬಾಳದ ಹತ್ರ ಜಾಮಲ್ಲಿ ಸಿಕ್ಕೊಂಡಿದೀನಿ. ಆಗಲೇ ಹತ್ತು ನಿಮಿಷ ಆಯ್ತು. ಈ ಊರು ಉದ್ಧಾರ ಆಗಲ್ಲ.”

ಕೆಳಗೆ ಹುಲಿಯಮ್ಮ ಕಾಲು ಗಂಟೆಯಿಂದ ತುಟಿ ಹೊಲಿದುಕೊಂಡು ಓಡಾಡುತ್ತಿದ್ದಳು. ಹೊಟ್ಟೆಯಲ್ಲಿ ಮಾತು ಕುಕ್ಕರಿನ ಹಬೆಯಂತೆ ತಿರುಗುತ್ತಿತ್ತು. ಬಸ್ಸಿನ ಹಿಂದಿದ್ದ ಕೆಂಪು ಕಾರಿನಲ್ಲಿ ಒಬ್ಬ ಗುರುತಿಲ್ಲದ ಮನುಷ್ಯ ಒಂಟಿಯಾಗಿ ಕೂತಿದ್ದು ಕಂಡಿತು. ಅವಳಿಗೆ ತಡೆಯಲಾಗಲಿಲ್ಲ. ಗಾಜು ತಟ್ಟಿ ಇಳಿಸಿದಳು.

“ಯಾವೂರಾಯ್ತು ತಮಾ?”

ಮಾತು ಕಿಟಕಿಯಿಂದಲೂ ಕೇಳಿತು, ಲ್ಯಾಪ್‌ಟಾಪಿನಿಂದಲೂ ಕೇಳಿತು.

ಹಿರಿಯರು ಹಾಗೆ ಕೇಳಿದರೆ ಉತ್ತರ ಕೊಡದೆ ಸುಮ್ಮನಿರಲು ಆ ಸೀಮೆಯ ನೀರು ಕುಡಿದವರಿಗೆ ಆಗುವುದಿಲ್ಲ. ಎರಡೂ ಕಡೆಯಿಂದ ಒಟ್ಟಿಗೇ ಸುಂದರೇಶರ ದನಿ ಬಂತು. “ಹೊಸನಗರ ಅಮ್ಮಾ... ಅಲ್ಲಲ್ಲ, ಹೆಬ್ಬಾಳ!”

ಶಿವು ಕಿಟಕಿಯಿಂದ ಬಗ್ಗಿದ. ಕೆಂಪು ಕಾರಿನಿಂದ ಒಂದು ತಲೆ ಮೇಲೆ ನೋಡಿತು. ಇಬ್ಬರ ಬಾಯಿಯೂ ಒಂದೇ ಅಳತೆಗೆ ತೆರೆದಿತ್ತು.

ಹತ್ತು ನಿಮಿಷದ ಮೇಲೆ ಸುಂದರೇಶ ಮೆಟ್ಟಿಲು ಹತ್ತಿ ಬಂದರು. ಕಿರುಬೆರಳಷ್ಟೂ ಹೆದರಿಕೆಯಿಲ್ಲದೆ ಶಿವು ಕುರ್ಚಿ ಕೊಟ್ಟ. ಅವರೂ ಮುಚ್ಚಿಡಲಿಲ್ಲ. ಒಂದು ವರ್ಷದಿಂದ ಅವರಿದ್ದದ್ದು ಹೊಸನಗರದ ಹೆಂಡತಿ ಮನೆಯಲ್ಲೇ.

“ಬೆಳಿಗ್ಗೆ ನಿನ್ನ ಹತ್ರ ಮಾತಾಡಿದ ಮೇಲೆ ಕರೆಂಟ್ ಹೋಯ್ತು. ನೆಟ್ ಹುಡುಕ್ಕೊಂಡು ಸಾಗರಕ್ಕೆ ಬಂದೆ ಮಾರಾಯ. ನೀನು ನನ್ನ ವಿಷಯ ಹೇಳಬೇಡ, ನಾನು ನಿಂದು ಹೇಳಲ್ಲ.”

“ಆಯ್ತು ಸರ್!” ಶಿವುವಿಗೆ ಸ್ವರ್ಗ ಮೂರೇ ಗೇಣು ಅನ್ನಿಸಿತು.

ಸುಂದರೇಶ ರೂಮನ್ನು ಸುತ್ತ ನೋಡಿದರು. “ನೆಟ್ ಹೆಂಗಿದೆ ಇಲ್ಲಿ?”

“ಬೆಣ್ಣೆ ಇದ್ದಂಗೆ ಇದೆ,” ಅಂದಳು ಹಿಂದೆಯೇ ಹತ್ತಿ ಬಂದಿದ್ದ ಹುಲಿಯಮ್ಮ. “ಇದೇ ರೂಮಲ್ಲಿ ಇನ್ನೊಂದು ಮೇಜು ಹಿಡೀತದೆ. ದಿನಾ ಬನ್ನಿ ತಮಾ. ಅಡ್ಡಿಲ್ಲ.” ಆಮೇಲೆ ಶಿವುವಿನ ಕಡೆ ತಿರುಗಿದಳು. “ನಲ್ಲಿಲಿ ಒಂದು ಹನಿ ನೀರಿಲ್ಲ. ಪೈಪ್ ಸರಿಯಾಗೋ ತನಕ ಬಾವಿಯಿಂದ ನೀನೇ ಸೇದಬೇಕು, ಹೇಳಿದೀನಿ.”

ಮಧ್ಯಾಹ್ನಕ್ಕೆ ಮೇಜು ಬಂತು. ಶಿವುವಿನ ಮೇಜಿಗೆ ಎದುರುಬದುರು. ಬೆಂಗಳೂರಿನಲ್ಲಿ ಐದು ಸಾಲು ಆಚೆ ಕೂರುತ್ತಿದ್ದ ಬಾಸು ಈಗ ಮೂರು ಅಡಿ ದೂರದಲ್ಲಿ ಕೂತು ಅವನ ಬೆರಳುಗಳನ್ನೇ ನೋಡುತ್ತಿದ್ದರು. ಲುಂಗಿ ಹೋಗಿ ಪ್ಯಾಂಟು ಬಂದಿತ್ತು.

ನಾಲ್ಕು ಗಂಟೆಗೆ ಕೆಳಗಿನಿಂದ ಟಕ್ ಟಕ್ ಅಂತು. ಶಿವುವಿನ ಕಾಲು ತಾನಾಗಿ ಎದ್ದಿತು.

“ಎಂತದು ಅದು?”

“ಟೀ ಆಗಿದೆ ಅಂತ ಸರ್. ನನ್ನ ಹೆಂಡ್ತಿ...”

“ಹೌದಾ! ನೀನು ಆ ಫೈಲ್ ಮುಗಿಸು, ಅರ್ಜೆಂಟಿದೆ. ನಾನು ಕುಡಿದು ಬರ್ತೀನಿ.”

ಸುಂದರೇಶ ಬಾಗಿಲ ತನಕ ಹೋದವರು ತಿರುಗಿ ನಿಂತು, ಕಿಟಕಿಯ ಕಡೆ ಕೈ ತೋರಿಸಿದರು.

“ಒಬ್ಬನೇ ಅಂತ ಬೇಜಾರು ಮಾಡ್ಕೋಬೇಡ. ನಿಮ್ಮ ಮಾವ ಬಂದಿದಾರೆ ನೋಡು.”